ಮೂರು ಜೋಡಿ ಸ್ಪೀಕರು, ಒಂದು ಹರಿಗೋಲು

ಧೀರೇಂದ್ರನ ಕಿವಿ ಸಾಮಾನ್ಯದ್ದಲ್ಲ. ಪಕ್ಕದ ಬೀದಿಯಲ್ಲಿ ಒಗ್ಗರಣೆ ಸಿಡಿದರೆ ಎಷ್ಟು ಕಾಳು ಸಾಸಿವೆ ಹಾಕಿದ್ದಾರೆ ಅಂತ ಹೇಳಿಬಿಡುತ್ತಿದ್ದ. ಒಂದೆರಡು ಕಾಳು ಹೆಚ್ಚುಕಡಿಮೆಯಾದರೆ ಅದು ಗಾಳಿಯ ತಪ್ಪು.

ಆ ಕಿವಿಯಿಂದಲೇ ಅವನ ಅನ್ನ. ಸ್ಟುಡಿಯೊದವರು ಓದಿಸಿದ ಧ್ವನಿಪುಸ್ತಕಗಳನ್ನು ಮನೆಯ ಉಗ್ರಾಣದಲ್ಲಿ ಕೂತು ಕೇಳುವುದು, ಓದಿದವರು ಎಲ್ಲಿ ತಪ್ಪಿದರು, ಎಲ್ಲಿ ಅಕ್ಷರ ನುಂಗಿದರು ಅಂತ ಬರೆದು ಕಳಿಸುವುದು. ಮೇಜು ಮತ್ತು ಪುಸ್ತಕದ ಕಪಾಟು ಬಂದ ದಿನದಿಂದ ಉಗ್ರಾಣವನ್ನು ಆಫೀಸು ಅನ್ನಬೇಕೆಂದು ಮನೆಯಲ್ಲಿ ಕಾನೂನಾಗಿತ್ತು. ಅಕ್ಕಿಮೂಟೆ ಮಾತ್ರ ಆ ಕಾನೂನಿಗೆ ಸೊಪ್ಪು ಹಾಕದೆ ಅಲ್ಲೇ ಕೂತಿತ್ತು.

ಹನ್ನೆರಡು ವರ್ಷ ಇಯರ್‌ಫೋನು ತುರುಕಿಕೊಂಡು ಕಿವಿ ಸೋರತೊಡಗಿತು. "ಇನ್ನು ಕಿವಿಯೊಳಗೆ ಏನನ್ನೂ ಇಡಬೇಡಿ" ಅಂದರು ಡಾಕ್ಟರು. ಕಪಾಟಿನ ಮೇಲೆ ಕೂರುವಂಥ ಒಂದು ಜೋಡಿ ಸಣ್ಣ ಸ್ಪೀಕರು ಬೇಕಾಯಿತು. ಬೆಲೆಯೂ ಸಣ್ಣದಿರಬೇಕು.

ಅಷ್ಟೇ ಬೇಕಾಗಿದ್ದದ್ದು. ಆದರೆ ಧೀರೇಂದ್ರ ಅದರ ಬಗ್ಗೆ ಓದತೊಡಗಿದ.

ನಲವತ್ತು ದಿನ ಓದಿದ. ಕೊನೆಕೊನೆಗೆ ಅಂಗಡಿಯವನೇ ತನ್ನ ಸಂಶಯಗಳನ್ನು ಇವನ ಹತ್ತಿರ ಕೇಳುವಷ್ಟಾಯಿತು. ಸ್ಪೀಕರಿನ ವಿಚಾರದಲ್ಲಿ ಧೀರೇಂದ್ರನಿಗೆ ಗೊತ್ತಿಲ್ಲದ್ದು ಒಂದೇ ಒಂದು ಉಳಿಯಿತು: ಯಾವುದನ್ನು ಕೊಳ್ಳಬೇಕು.

"ನನ್ನನ್ನ ನೋಡೋಕೆ ಬಂದಾಗ ಒಂದು ತಟ್ಟೆ ಉಪ್ಪಿಟ್ಟು ಮುಗಿಯೋದ್ರೊಳಗೆ ಒಪ್ಪಿದ್ರಿ," ಅಂದಳು ಹೆಂಡತಿ ಇಂದುಮತಿ.

"ಆಗ ನಾನು ಇಷ್ಟು ಓದಿರಲಿಲ್ಲ."

"ಓದಿದ್ರೆ ನಾನು ಬಚಾವಾಗ್ತಿದ್ದೆ."

ಅಷ್ಟರಲ್ಲಿ ಸ್ಟುಡಿಯೊದಿಂದ ಫೋನು ಬಂತು. ನಾಳೆ ಬೆಳಿಗ್ಗೆ ಹೊಸ ಪುಸ್ತಕ ಕಳಿಸ್ತೀವಿ, ಕೇಳಿಕೊಡ್ತೀರೋ, ಇಲ್ಲಾ ಇನ್ಮೇಲೆ ಬೇರೆಯವರಿಗೇ ಕೊಡೋಣವೋ?

"ಕೇಳ್ತೀನಿ, ಕೇಳ್ತೀನಿ," ಅಂದುಬಿಟ್ಟ ಧೀರೇಂದ್ರ. ಯಾವುದರಲ್ಲಿ ಕೇಳುವುದು ಅನ್ನುವುದು ಅವನಿಗೂ ಗೊತ್ತಿರಲಿಲ್ಲ.

ಅಂಗಡಿಯವನು ಮೂರು ಜೋಡಿ ಕೊಟ್ಟು ಕೈಮುಗಿದ. "ಸಂಜೆ ಆರಕ್ಕೆ ಎರಡು ಜೋಡಿ ವಾಪಸ್ ತನ್ನಿ. ಮೂರನ್ನೂ ತರೋದಾದ್ರೆ ಬೇರೆ ಯಾರ ಕೈಲಾದ್ರೂ ಕಳಿಸಿಬಿಡಿ ಸಾರ್."

ಧೀರೇಂದ್ರ ಮೂರೂ ಪೆಟ್ಟಿಗೆ ಹೊತ್ತುಕೊಂಡು ನೇರ ಹೊಳೆಗೆ ಹೋದ. ಆಚೆ ದಡದಲ್ಲಿ ಅವನ ಗುರುಗಳಾದ ಮುಕುಂದಯ್ಯನವರ ಆಶ್ರಮ.

ಹರಿಗೋಲಿನಲ್ಲಿ ಪೆಟ್ಟಿಗೆ ನೆನೆದಾವೆಂದು ತಬ್ಬಿಕೊಂಡು ನಿಂತೇ ಇದ್ದ.

"ಕುಂದ್ರಿ ಸ್ವಾಮಿ," ಅಂದ ಅಂಬಿಗ ಹೊನ್ನೂರಪ್ಪ. "ನಿಂತೋರ್ನ ಕಂಡ್ರೆ ಹರಿಗೋಲಿಗೆ ಆಗಂಗಿಲ್ಲ."

"ಇದು ಸುಮ್ಮನೆ ಸುತ್ತುತ್ತಲ್ಲೋ! ಮುಂದಕ್ಕೆ ಹೋಗ್ತಾ ಇದೆಯಾ?"

"ನನ್ನ ಕೇಳಿದ್ರ? ನಮ್ಮಪ್ಪನ ಕಾಲದಿಂದ ಸುತ್ತಾಕ ಹತ್ತೈತಿ."

ಗುರುಗಳು ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮೂರು ಜೋಡಿ ಸ್ಪೀಕರು ಸಾಲಾಗಿ ಕೂತದ್ದು ನೋಡಿ, "ಆರು ಜನ ಬಂದಿದಾರಲ್ಲಪ್ಪ," ಅಂದರು.

"ಗುರುಗಳೇ, ತಲೆ ಕೆಟ್ಟುಹೋಗಿದೆ. ಮೊದಲನೇದ್ರಲ್ಲಿ ತಮಟೆ ಚೆನ್ನಾಗಿ ಕೇಳ್ಸುತ್ತೆ. ಎರಡನೇದ್ರಲ್ಲಿ ಗೆಜ್ಜೆ ಚೆನ್ನಾಗಿ ಕೇಳ್ಸುತ್ತೆ."

"ಮೂರನೇದು?"

"ಅದರಲ್ಲಿ ಏನೂ ವಿಶೇಷ ಇಲ್ಲ. ಮೂರರಲ್ಲಿ ಅದೇ ಅಗ್ಗದ್ದು. ಅಂಗಡಿಯವನು ಲೆಕ್ಕಕ್ಕಿರಲಿ ಅಂತ ಸೇರಿಸಿದಾನೆ."

"ನಾಳೆ ನಿನ್ನ ಕೆಲಸ ಏನು? ತಮಟೆ ಕೇಳೋದೋ, ಗೆಜ್ಜೆ ಕೇಳೋದೋ?"

"ಒಬ್ಬ ಮುದುಕಮ್ಮ ಓದಿದಾರಂತೆ. ಅದನ್ನ."

"ಹೂಂ," ಅಂದರು ಗುರುಗಳು. ಒಂದು ಬೀಜ ಹಾರಿ ಎರಡನೆಯ ಸ್ಪೀಕರಿಗೆ ತಗುಲಿತು.

"ನೀವೇ ಒಂದನ್ನ ಹೇಳಿಬಿಡಿ. ಕಣ್ಣು ಮುಚ್ಚಿ ತಗೊಂಡು ಹೋಗ್ತೀನಿ."

"ಕಿವಿ ಕೆಲಸಕ್ಕೆ ಕಣ್ಣು ಮುಚ್ಚಿ ಏನು ಉಪಯೋಗ? ಹೊನ್ನೂರಪ್ಪನ್ನ ಕರಿ."

ಆ ಆಶ್ರಮದಲ್ಲಿ ಹರಿಗೋಲಿಗೆ ಗಂಟೆ ಇಲ್ಲ, ಬಾವುಟ ಇಲ್ಲ. ಮೆಟ್ಟಿಲ ಮೇಲೆ ನಿಂತು ಕೂಗಬೇಕು. ಆಚೆ ದಡದಲ್ಲಿ ಹೊನ್ನೂರಪ್ಪ ತಲೆ ಎತ್ತದೆ, ಕೂಗಿದ್ದು ಯಾರೆಂದು ಗುರುತು ಹಿಡಿಯುತ್ತಾನೆ. ಅಡುಗೆಯವರಾದರೆ ಮೂಟೆಗೆ ಜಾಗ ಮಾಡಿಕೊಂಡು ಬರುತ್ತಾನೆ. ಗುರುಗಳಾದರೆ ಬೀಡಿ ಎಸೆದು ಬರುತ್ತಾನೆ. ಅದು ಬೇಸಿಗೆ, ಹೊಳೆ ಎಷ್ಟು ಸಣಕಲಾಗಿತ್ತೆಂದರೆ ಆ ದಡದಲ್ಲಿ ಸೀನಿದವರಿಗೆ ಈ ದಡದಿಂದ "ನೂರು ವರ್ಷ" ಅನ್ನಬಹುದಿತ್ತು.

ಧೀರೇಂದ್ರ ಮೆಟ್ಟಿಲಿಗೆ ಹೊರಟ.

"ನೀನು ಹೋಗಬೇಡ," ಅಂದರು ಗುರುಗಳು. "ಫೋನಿಗೆ ಕೂಗು. ಫೋನು ಈ ಆರು ಜನರ ಬಾಯಲ್ಲಿ ಕೂಗಲಿ."

"ಇವು ಕೋಣೆಗೆ ಮಾಡಿದ್ದು ಗುರುಗಳೇ. ಹೊಳೆಗಲ್ಲ."

"ಹೊಳೆಗೆ ಗೊತ್ತಾ ಅದು?"

ಧೀರೇಂದ್ರನಿಗೆ ಏನೂ ಅರ್ಥವಾಗಲಿಲ್ಲ. ಆದರೂ "ಹೊನ್ನೂರಪ್ಪೋ… ಬಾರೋ…" ಎಂದು ಕೂಗಿ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡ. ಜಗುಲಿಯ ಪ್ಲಗ್ಗಿಗೆ ವೈರು ಸಿಕ್ಕಿಸಿ, ಮೊದಲನೇ ಜೋಡಿಯನ್ನು ಹೊಳೆಯ ಕಡೆ ತಿರುಗಿಸಿ, ಸದ್ದು ಪೂರ್ತಿ ಏರಿಸಿದ.

ಜಗುಲಿ ನಡುಗಿತು. ಗುರುಗಳ ಮಡಿಲಿನ ಹುಣಸೆಬೀಜ ಕುಣಿದವು. ನೆರಳಿನಲ್ಲಿ ಮಲಗಿದ್ದ ಎಮ್ಮೆ ಎದ್ದು, ಯಾರನ್ನೋ ನೆನಪಿಸಿಕೊಂಡಂತೆ ಹೊರಟೇಹೋಯಿತು.

ಆಚೆ ದಡದಿಂದ ಹೊನ್ನೂರಪ್ಪನ ದನಿ ಬಂತು: "ಏನ್ರೀ, ಆಶ್ರಮದಾಗ ಮದುವಿ ಐತೇನು?"

ಕೂತಲ್ಲಿಂದ ಕದಲಲಿಲ್ಲ.

ಎರಡನೇ ಜೋಡಿ ಕೂಗಿತು. ಕೂಗು ಎಷ್ಟು ನುಣ್ಣಗೆ, ಎಷ್ಟು ಹೊಳಪಾಗಿ ಇತ್ತೆಂದರೆ ಧೀರೇಂದ್ರ ತನ್ನ ದನಿಗೆ ತಾನೇ ಒಂದು ನಮಸ್ಕಾರ ಹಾಕಿದ. ಹೊನ್ನೂರಪ್ಪ ಧಡಕ್ಕನೆ ಎದ್ದ. ಅಂಗಿ ತೊಟ್ಟ. ಹರಿಗೋಲಿನೊಳಗೆ ಒಗೆದ ಟವೆಲು ಹಾಸಿಕೊಂಡು ಬಂದೇಬಿಟ್ಟ.

"ಸಾಹೇಬ್ರು ಎಲ್ಲಿ?"

"ಯಾವ ಸಾಹೇಬ್ರೋ?"

"ಈಗ ಕರದ್ರಲ್ಲ, ರೇಡಿಯೋದಾಗ ಮಾತಾಡೋರಂಗ. ದೊಡ್ಡ ಮನುಷ್ಯಾರು."

"ನಾನೇ ಕಣೋ ಕರೆದದ್ದು!"

ಹೊನ್ನೂರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಟವೆಲು ಮಡಿಸಿಕೊಂಡ. "ಉಣ್ಣೋ ಹೊತ್ತಿನಾಗ ಇದೇನು ಚೇಷ್ಟೆ," ಎಂದು ಹರಿಗೋಲು ತಿರುಗಿಸಿಕೊಂಡು ಹೋಗಿಯೇಬಿಟ್ಟ.

ಧೀರೇಂದ್ರ ಹೊತ್ತು ನೋಡಿಕೊಂಡ. ನಾಲ್ಕು ದಾಟಿತ್ತು. ಆರಕ್ಕೆ ಅಂಗಡಿ. "ಗುರುಗಳೇ, ಇನ್ನು ಅವನು ಬರೋದಿಲ್ಲ!"

"ಇನ್ನಿಬ್ಬರು ಕೂಗಿಲ್ಲವಲ್ಲ."

ಧೀರೇಂದ್ರ ಮೂರನೇ ಜೋಡಿಗೆ ವೈರು ಸಿಕ್ಕಿಸಿದ. ಜಗುಲಿ ನಡುಗಲಿಲ್ಲ. ಕೂಗು ಸಣ್ಣಗೆ ಹೊರಟಿತು, ತುಸು ಮೂಗಿನಲ್ಲಿ, "ಬಾರೋ" ಅನ್ನುವಲ್ಲಿ ಬರಲೋ ಬೇಡವೋ ಅನ್ನುವ ಹಾಗೆ ಒಂಚೂರು ಎಳೆದುಕೊಂಡು.

ಆಚೆ ದಡದಲ್ಲಿ ಏನೂ ಅಲುಗಲಿಲ್ಲ.

"ಕೇಳಿಸಲೇ ಇಲ್ಲ ನೋಡಿ," ಅಂದ ಧೀರೇಂದ್ರ. "ನಾನು ಹೇಳಿರಲಿಲ್ಲವೇ? ಇದರಲ್ಲಿ ಏನೂ ಇಲ್ಲ."

ಹೊಳೆಯ ಮೇಲಿಂದ, ಬಾಯಿ ತುಂಬಾ ರೊಟ್ಟಿಯಿದ್ದ ದನಿಯೊಂದು ಬಂತು.

"ಧೀರೇಂದ್ರಪ್ಪಾ! ನಿಮಗೇನು ಅವಸರ ಐತಿ? ನಾ ಬರೋದ್ರಾಗ ನಿಮ್ಮ ಮನಸ್ಸು ಮೂರು ಸಲ ಬದಲಾಗ್ತೈತಿ. ಉಂಡು ಬರ್ತೀನಿ, ತಡೀರಿ!"

ಗುರುಗಳು ಹುಣಸೆಹಣ್ಣಿನ ಕಡೆ ತಿರುಗಿದರು. ಅವರ ಹೆಗಲು ಅಲುಗುತ್ತಿತ್ತು.

ಧೀರೇಂದ್ರ ಸ್ಪೀಕರನ್ನೂ ಹೊಳೆಯನ್ನೂ ನೋಡಿದ. "ನನ್ನ ದನಿ ಹೀಗಾ ಇರೋದು?"

"ಅವನನ್ನ ಕೇಳು. ನಾನು ಹತ್ತಿರದಲ್ಲಿರೋನು."

"ಇದರ ಬಗ್ಗೆ ಯಾರೂ ಒಳ್ಳೇ ಮಾತು ಬರೆದಿಲ್ಲ ಗುರುಗಳೇ."

"ಬರೆದೋರು ಯಾರೂ ನಿನ್ನ ಕೂಗು ಕೇಳಿರಲಿಲ್ಲ."

ಅವನ ತಲೆ ಇನ್ನೂ ಗಿರ್ರೆನ್ನುತ್ತಿತ್ತು. ಆದರೆ ಕೈಗಳು ಯಾರನ್ನೂ ಕೇಳದೆ ಮೊದಲನೇ ಜೋಡಿಯನ್ನು ಪೆಟ್ಟಿಗೆಗೆ ಹಾಕಿದವು. ಎರಡನೆಯದನ್ನೂ ಹಾಕಿ ದಾರ ಬಿಗಿದವು. ಮೂರನೆಯದನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡವು.

ಹೊನ್ನೂರಪ್ಪ ಉಂಡು, ಕೈ ತೊಳೆದು, ಬಂದ. ಈ ಸಲ ಟವೆಲು ಹಾಸಿರಲಿಲ್ಲ.

ಗುರುಗಳು ಮೆಟ್ಟಿಲ ತನಕ ಬಂದರು. ಧೀರೇಂದ್ರ ಕಟ್ಟಿದ ಪೆಟ್ಟಿಗೆಗಳನ್ನು ಒಳಗಿಟ್ಟು, ಒಂದು ಕಾಲು ಹರಿಗೋಲಿನಲ್ಲಿಟ್ಟ. ಇನ್ನೊಂದು ಕಾಲು ಮೆಟ್ಟಿಲ ಮೇಲೇ ಉಳಿಯಿತು.

"ಗುರುಗಳೇ, ನಾಲ್ಕನೇದು ಒಂದಿದೆ. ಮರದ ಮೈಯದ್ದು. ಅದರ ಬಗ್ಗೆ ನಾನು ಬಹಳ ಓದಿದೀನಿ. ಅದನ್ನೂ ಒಂದು ಸಲ ತಂದು…"

ಹರಿಗೋಲು ಮೆಲ್ಲಗೆ ದಡ ಬಿಟ್ಟು ಸರಿಯತೊಡಗಿತು. ಧೀರೇಂದ್ರನ ಕಾಲುಗಳು ಅಗಲವಾಗುತ್ತ ಬಂದವು.

"ಹರಿಗೋಲು ಸುತ್ತುತ್ತಲೇ ದಡ ಸೇರುತ್ತೆ, ತಮ್ಮಾ," ಅಂದರು ಗುರುಗಳು. "ನೀನು ಆ ಇನ್ನೊಂದು ಕಾಲನ್ನೂ ಒಳಗಿಡು."