ಬೆರಳಿಗೊಂದು ಬಟ್ಟಲು

"ಬುದ್ಧಿ, ಐವತ್ತು ದಾಟಿದ ಮೈಗೆ ಏನು ಹಚ್ಚಬೇಕು?"

ಕೇಳಿದ ಮೇಲೆ ದಾಕ್ಷಾಯಣಮ್ಮ ನಾಲಿಗೆ ಕಚ್ಚಿಕೊಂಡಳು. ಮಠದ ಜಗಲಿಯಲ್ಲಿ ಸೋಮವಾರ ಸಂಜೆ ಕೂತು ಕೇಳುವ ಪ್ರಶ್ನೆಯೇ ಅದು? ಅವಳಿಗಿಂತ ಮುಂಚೆ ನಿವೃತ್ತ ಮೇಷ್ಟ್ರೊಬ್ಬರು ಆತ್ಮಕ್ಕೆ ಮುಪ್ಪುಂಟೇ ಎಂದು ಕೇಳಿದ್ದರು. ಅದಕ್ಕೆ ಉತ್ತರ ಸಿಕ್ಕಿತ್ತು, ಎಲ್ಲರೂ ತಲೆದೂಗಿದ್ದರು. ಇನ್ನೇನು ಮಂಗಳಾರತಿಗೆ ಏಳಬೇಕು, ಅಷ್ಟರಲ್ಲಿ ಇವಳು ಚರ್ಮದ ಮಾತು ತೆಗೆದಿದ್ದಳು. ಹಿಂದೆ ಯಾರೋ ಕಿಸಕ್ಕೆಂದರು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅವಳ ಕಡೆ ನೋಡಿದರು. ನೋಡಲಿ ಬಿಡಿ. ಆತ್ಮಕ್ಕೆ ತುರಿಕೆಯಿಲ್ಲ, ಅವರಿಗೇನು ಗೊತ್ತು.

ಸ್ವಾಮಿಗಳು ನಗಲಿಲ್ಲ. ವಯಸ್ಸಾದವರು, ಊರವರೆಲ್ಲ ಬುದ್ಧಿ ಎಂದೇ ಕರೆಯುತ್ತಿದ್ದರು. ಏನಾಗಿದೆ, ಪೂರ್ತಿ ಹೇಳು ತಾಯಿ ಎಂದರು.

ಪೂರ್ತಿ ಹೇಳು ಎಂದರೆ ದಾಕ್ಷಾಯಣಮ್ಮ ಬಿಡುವವಳೇ? ಹೇಳಿದಳು. ಮಠದ ದೀಪಗಳಿಗೆ ಬತ್ತಿ ಹೊಸೆಯುವ ಸೇವೆ ಅವಳದು. ಗಂಡ ತೀರಿಕೊಂಡ ಮೇಲೆ ಬೆಳಿಗ್ಗೆ ಎದ್ದು ಹೋಗುವುದಕ್ಕೆ ಒಂದು ಜಾಗ ಅಂತ ಇದ್ದರೆ ಅದು ಮಠ, ಕೈಗೆ ಒಂದು ಕೆಲಸ ಅಂತ ಇದ್ದರೆ ಅದು ಬತ್ತಿ. ಈ ಮಾಗಿಯಲ್ಲಿ ಅವಳ ಮೈ ಅವಳ ಮಾತು ಕೇಳುವುದನ್ನೇ ಬಿಟ್ಟಿತ್ತು. ಮುಖ ತೊಳೆದರೆ ಬಿಗಿಯುತ್ತದೆ, ನಕ್ಕರೆ ನೋಯುತ್ತದೆ. ಮೊಣಕಾಲ ಕೆಳಗೆ ಉಗುರು ತಾಗಿದರೆ ಬಿಳಿ ಗೆರೆ ಏಳುತ್ತದೆ. ಅದೆಲ್ಲ ಹೋಗಲಿ ಎಂದರೆ ಬೆರಳ ತುದಿಗಳು ಸೀಳಿ ಒರಟಾಗಿ ಹತ್ತಿಯನ್ನು ಹಿಡಿದುಕೊಳ್ಳತೊಡಗಿದ್ದವು. ಹೊಸೆದ ಬತ್ತಿಯೆಲ್ಲ ಗುಂಜು ಗುಂಜು. ಹೋದ ವಾರ ಮಠದ ಉಸ್ತುವಾರಿ ನೋಡುವ ಪಾರುಪತ್ತೇಗಾರರು ಹತ್ತಿಯ ಬುಟ್ಟಿಯನ್ನು ಅವಳ ಮುಂದಿನಿಂದ ಮೆತ್ತಗೆ ಎತ್ತಿಕೊಂಡು, ಸ್ವಲ್ಪ ದಿನ ಸುಧಾರಿಸಿಕೊಳ್ಳಿ ಅಮ್ಮ ಎಂದು ಹೇಳಿ, ಊರಿನ ಯಾರದೋ ಮನೆಯ ಚಿಕ್ಕ ವಯಸ್ಸಿನ ಸೊಸೆಯೊಬ್ಬಳಿಗೆ ಕೊಟ್ಟಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮೆತ್ತಗೆ ಎತ್ತಿಕೊಂಡದ್ದಕ್ಕೆ ಮನೆಗೆ ಹೋಗಿ ಅತ್ತಳು.

ಏನೂ ಹಚ್ಚಿಲ್ಲವೆಂದಲ್ಲ. ಎದುರುಮನೆಯವಳು ಒಂದು ಹೇಳಿದಳು, ಔಷಧಿ ಅಂಗಡಿಯವನು ಒಂದು ಕೊಟ್ಟ, ತಂಗಿ ಫೋನಿನಲ್ಲಿ ಮತ್ತೊಂದು ಹೇಳಿ, ಮೊದಲಿನ ಎರಡನ್ನೂ ಎಸೆ ಎಂದಳು. ದುಬಾರಿಯದು ಕೈಗೆಟುಕುವುದಿಲ್ಲ, ಅಗ್ಗದ್ದನ್ನು ನಂಬುವುದು ಹೇಗೆಂದು ತಿಳಿಯುವುದಿಲ್ಲ. ಶುಚಿಯಲ್ಲಿ ಮಾತ್ರ ತಾನು ಎಳ್ಳಷ್ಟೂ ಕಡಿಮೆ ಮಾಡಿದವಳಲ್ಲ ಎಂದು ದಾಕ್ಷಾಯಣಮ್ಮ ಸ್ವಲ್ಪ ಎದೆಯೆತ್ತಿಯೇ ಹೇಳಿದಳು. ಎರಡು ಹೊತ್ತೂ ಹಬೆಯಾಡುವ ಬಿಸಿನೀರು, ತಾನೇ ಮುಂದೆ ನಿಂತು ಕುಟ್ಟಿಸಿದ ಸೀಗೆಪುಡಿ, ಚರ್ಮ ಕಿರ್ ಎನ್ನುವ ತನಕ ಉಜ್ಜುವುದು. ದೇವರ ಬತ್ತಿ ಮುಟ್ಟುವ ಕೈ, ಜಿಡ್ಡು ಉಳಿಯಬಾರದು.

ಕೊನೆಗೆ ಅವಳ ದನಿ ಇಳಿಯಿತು. ಮುಪ್ಪಿನ ಮೈಗೆ ಇಷ್ಟು ಉಪಚಾರ ಮಾಡುವುದು ಮೋಹವೋ ಏನೋ, ಅದೂ ಗೊತ್ತಾಗುತ್ತಿಲ್ಲ ಎಂದಳು.

ಬುದ್ಧಿಯವರು ಅವಳ ಕೈಯನ್ನು ಸುಮ್ಮನೆ ನೋಡಿದರು. ಆಮೇಲೆ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬಳು ನೇಕಾರ ಹೆಂಗಸು. ಅವಳ ಕೆಲಸ ನೇಯುವುದಲ್ಲ, ಎಳೆ ಕೂಡಿಸುವುದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ರೇಷ್ಮೆಯ ಎಳೆಗಳು ಮುಗಿಯುತ್ತ ಬಂದಾಗ ಒಂದೊಂದರ ತುದಿಗೂ ಹೊಸ ಎಳೆ ಸೇರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಬೇಕು. ಎಳೆಗಳು ಸಾವಿರಾರು. ಕಣ್ಣಿಗಿಂತ ಬೆರಳಿಗೆ ಹೆಚ್ಚು ಗೊತ್ತಾಗುವ ಕೆಲಸ. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬರಬೇಕೆಂದು ಅನ್ನಿಸಿರಲೂ ಇಲ್ಲ.

ಹೊಸೆಯುವುದು ಎಂಬ ಮಾತು ಬಂದದ್ದೇ ದಾಕ್ಷಾಯಣಮ್ಮ ನೆಟ್ಟಗೆ ಕೂತಳು. ಇದು ತನ್ನದೇ ಕತೆ, ಕಿವಿಗೊಟ್ಟು ಕೇಳಿದರೆ ಹಚ್ಚುವುದರ ಹೆಸರು ಎಲ್ಲೋ ಬರುತ್ತದೆ ಎಂದುಕೊಂಡಳು.

ಆ ಹೆಂಗಸಿಗೆ ಐವತ್ತು ದಾಟಿತು. ಬೆರಳು ಒಣಗಿತು. ಒರಟು ಬೆರಳಿಗೆ ಸಿಕ್ಕಿ ರೇಷ್ಮೆಯ ಎಳೆ ಹರಿಯಿತು, ಒಂದು ಸೀರೆ ಕೆಟ್ಟಿತು. ಅವಳು ಕೈಗೆ ಎಣ್ಣೆ ಹಚ್ಚಿಕೊಂಡು ಬಂದಳು. ರೇಷ್ಮೆಯ ಮೇಲೆ ಎಣ್ಣೆಯ ಕಲೆ ಕೂತಿತು, ಇನ್ನೊಂದು ಸೀರೆ ಕೆಟ್ಟಿತು. ಮಗ್ಗದ ಯಜಮಾನ ಕೆಟ್ಟವನಲ್ಲ. ಆದರೆ ಎರಡು ಸೀರೆ ಕೆಟ್ಟ ಮೇಲೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

"ಒಣಗಿದ ಕೈಯಲ್ಲಿ ಮುಟ್ಟಿದರೆ ಎಳೆ ಹರಿಯುತ್ತೆ, ಎಣ್ಣೆ ಕೈಯಲ್ಲಿ ಮುಟ್ಟಿದರೆ ಕಲೆಯಾಗುತ್ತೆ" ಎಂದ ಅವನು. "ಯುಗಾದಿಯ ಸೀರೆ ಶುರುಮಾಡುವ ಹೊತ್ತಿಗೆ ಎರಡೂ ಅಲ್ಲದ ಕೈ ತಗೊಂಡು ಬಾ. ಇಲ್ಲದಿದ್ದರೆ ನಾನು ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತೆ."

ಎರಡೂ ಅಲ್ಲದ ಕೈ ಎಲ್ಲಿ ಸಿಗುತ್ತದೆ? ಅವಳು ಯೋಚನೆ ಮಾಡಿ ಒಂದು ದಾರಿ ಕಂಡುಕೊಂಡಳು. ಮಲಗುವಾಗ ಹಚ್ಚುವುದು, ಬೆಳಿಗ್ಗೆ ಎದ್ದು ಒಂದಿಷ್ಟೂ ಉಳಿಯದಂತೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆಯುವುದು. ರಾತ್ರಿ ಕೈಯ ಪಾಲು, ಹಗಲು ರೇಷ್ಮೆಯ ಪಾಲು. ದಾಕ್ಷಾಯಣಮ್ಮ ತಲೆಯಾಡಿಸಿದಳು. ಹೆಂಗಸು ತಿಳಿವಳಿಕೆಯುಳ್ಳವಳೇ ಎನ್ನಿಸಿತು.

ಹಚ್ಚುವುದೇನೆಂಬುದು ಉಳಿಯಿತು. ಪಕ್ಕದ ಮನೆಯ ಮುದುಕಿ ಕೊಬ್ಬರಿ ಎಣ್ಣೆ ಎಂದಳು. ಹಚ್ಚಿದಳು, ಬೆರಳು ಇನ್ನಷ್ಟು ಒಣಗಿತು. ಗಾಣದವನು ನಕ್ಕು, ಕೊಬ್ಬರಿ ಎಣ್ಣೆ ತಂಪು, ಚಳಿಗಾಲದಲ್ಲಿ ಎಳ್ಳೆಣ್ಣೆಯೇ ಸರಿ ಎಂದು ಅವಳ ಬಟ್ಟಲು ತುಂಬಿಸಿದ. ಬೆರಳು ಸೀಳಿತು. ಹಾಲು ಹಾಕುವವಳು, ಎಣ್ಣೆಯೆಲ್ಲ ಗಂಡಸರ ಮಾತು, ಹಾಲಿನ ಕೆನೆ ಹಚ್ಚು ಎಂದಳು. ಸೀಳಿದ ಕಡೆ ಉರಿಯಿತು. ಪಂಡಿತರು ತುಪ್ಪಕ್ಕೆ ನೀರು ಹಾಕಿ ಕಂಚಿನ ತಟ್ಟೆಯಲ್ಲಿ ಬೆಳ್ಳಗಾಗುವ ತನಕ ತಿಕ್ಕಿ ಹಚ್ಚಲು ಹೇಳಿದರು. ತಿಕ್ಕಿ ತಿಕ್ಕಿ ರಟ್ಟೆ ಬಿದ್ದುಹೋಯಿತೇ ಹೊರತು ಬೆರಳು ಹಾಗೇ ಇತ್ತು. ಪೇಟೆಯ ಅಂಗಡಿಯವನು ಒಂದು ಡಬ್ಬಿ ಕೊಟ್ಟ. ಅದರ ಮುಚ್ಚಳದ ಮೇಲೆ ಹದಿನಾರರ ಹುಡುಗಿಯ ಚಿತ್ರ. ಆ ಹುಡುಗಿಗೆ ಡಬ್ಬಿಯ ಅಗತ್ಯವೇನಿತ್ತೋ, ಅಂಗಡಿಯವನನ್ನೇ ಕೇಳಬೇಕು. ಇವೆಲ್ಲ ಸಾಲದೆಂದು ಒಬ್ಬ ದಾರಿಹೋಕ, ಹಚ್ಚುವುದೆಲ್ಲ ಸುಳ್ಳು, ನೀರು ಕುಡಿ ಎಂದು ಹೇಳಿ ಹೋದ. ಅವಳು ನೀರು ಕುಡಿದಳು, ಹೊಟ್ಟೆ ತುಂಬಿತು.

ಬೀದಿಯಲ್ಲಿ ಸಲಹೆ ಕೊಡದವಳೆಂದರೆ ಸೀಗೆಪುಡಿ ಮಾರುವವಳೊಬ್ಬಳೇ. ವಾರಕ್ಕೊಮ್ಮೆ ಬುಟ್ಟಿ ಹೊತ್ತು ಬರುತ್ತಿದ್ದಳು, ಅಳೆದು ಕೊಡುತ್ತಿದ್ದಳು, ಮೇಲೆ ಒಂದು ಚಿಟಿಕೆ ಹಾಕಿ ಹೋಗುತ್ತಿದ್ದಳು. ನೇಕಾರ ಹೆಂಗಸು ಈಗ ಮೊದಲಿಗಿಂತ ಹೆಚ್ಚು ಕೊಳ್ಳುತ್ತಿದ್ದಳು. ಹೆಚ್ಚು ಹಚ್ಚಿದ ಮೇಲೆ ಹೆಚ್ಚು ತೊಳೆಯಬೇಕಲ್ಲ.

ಯುಗಾದಿ ಹತ್ತಿರ ಬಂತು. ಅವಳಿಗೆ ದಿಕ್ಕೇ ತೋಚಲಿಲ್ಲ. ಯಾರ ಮಾತು ನಿಜ? ಹೇಳಿದವರೆಲ್ಲ ತಮ್ಮ ಕೈ ತೋರಿಸಿ ಹೇಳಿದ್ದರು, ಅವರ ಕೈಗಳೆಲ್ಲ ನುಣ್ಣಗಿದ್ದವು. ಸುಳ್ಳು ಹೇಳಿದರೆನ್ನುವ ಹಾಗಿಲ್ಲ. ಹಾಗಾದರೆ ತಪ್ಪಿರುವುದು ತನ್ನ ಮೈಯಲ್ಲೇ, ಬಹುಶಃ ತನ್ನ ಹಣೆಯಲ್ಲೇ ಎಂದು ಗೋಡೆಗೆ ಒರಗಿ ಕೂತಳು. ಇನ್ನೊಂದು ತಿಂಗಳು ಕಳೆದರೆ ಯಜಮಾನ ಎಳೆಗಳನ್ನು ಬೇರೆಯವಳ ಮುಂದೆ ಹರಡುತ್ತಾನೆ, ತಾನು ಈ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮಗ್ಗದ ಸದ್ದು ಕೇಳುತ್ತ ಕೂರಬೇಕು.

ಇಲ್ಲಿ ದಾಕ್ಷಾಯಣಮ್ಮನಿಗೆ ಹತ್ತಿಯ ಬುಟ್ಟಿ ನೆನಪಾಯಿತು. ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು.

ಕೊನೆಗೆ ನೇಕಾರ ಹೆಂಗಸು ಒಂದು ಪರೀಕ್ಷೆ ಮಾಡಿದಳು. ಗೋಡೆಯ ಗೂಡಿನಲ್ಲಿ ಸಾಲಾಗಿ ಐದು ಬಟ್ಟಲು ಇಟ್ಟಳು. ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ, ತೋರುಬೆರಳಿಗೆ ಎಳ್ಳೆಣ್ಣೆ, ನಡುಬೆರಳಿಗೆ ಕೆನೆ, ಉಂಗುರದ ಬೆರಳಿಗೆ ತುಪ್ಪ, ಕಿರುಬೆರಳಿಗೆ ಡಬ್ಬಿಯದು. ಎರಡು ಕೈಗೂ ಹೀಗೇ. ಯಾವ ಬೆರಳು ವಾಸಿಯಾಗುತ್ತದೋ ಆ ಬಟ್ಟಲು ಉಳಿಸಿಕೊಂಡು ಮಿಕ್ಕವನ್ನು ಬಚ್ಚಲಿಗೆ ಸುರಿಯುವುದೆಂದು ನಿಶ್ಚಯ ಮಾಡಿದಳು.

ಎಂಥ ಉಪಾಯ ಎಂದು ದಾಕ್ಷಾಯಣಮ್ಮ ಬೆರಗಾದಳು. ಇದು ತನಗೆ ಯಾಕೆ ಹೊಳೆಯಲಿಲ್ಲ? ಮನಸ್ಸಿನಲ್ಲೇ ಬೆರಳಿಗೊಂದು ಬಟ್ಟಲು ಹಂಚಿಕೊಳ್ಳುತ್ತ ಕೂತಳು. ಕೆನೆ ಸಿಗುತ್ತದೆ, ತುಪ್ಪ ಸ್ವಲ್ಪ ಇದೆ, ಎಳ್ಳೆಣ್ಣೆ ಕೊಳ್ಳಬೇಕು. ಈ ಲೆಕ್ಕಾಚಾರದಲ್ಲಿ ಬುದ್ಧಿಯವರ ಮುಂದಿನ ಮಾತು ಅವಳ ಕಿವಿಗೆ ಅರ್ಧಂಬರ್ಧ ಬಿತ್ತು. ಆ ದಿನಗಳಲ್ಲಿ ಆ ಹೆಂಗಸು ಬೆಳಿಗ್ಗೆ ಬರಿಯ ನೀರಿನಲ್ಲಿ ಕೈ ಅದ್ದಿ, ಹಳೆಯ ಬಟ್ಟೆಗೆ ಒತ್ತಿಕೊಂಡು ಮಗ್ಗದ ಮನೆಗೆ ಹೋಗುತ್ತಿದ್ದಳು ಎಂದೇನೋ ಹೇಳಿದ ಹಾಗಿತ್ತು.

ಸೀರೆ ಶುರುವಾಗುವ ದಿನ ಬಂತು. ಹೆಂಗಸು ದೇವರಿಗೆ ಕೈ ಮುಗಿದು ಎಳೆಗಳ ಮುಂದೆ ಕೂತಳು. ಮೊದಲ ಎಳೆ ಹಿಡಿದು ಹೊಸೆದಳು, ಅದು ಸದ್ದಿಲ್ಲದೆ ಕೂಡಿಕೊಂಡಿತು. ಎರಡನೆಯದೂ ಹಾಗೇ. ಯಜಮಾನ ಬಾಗಿ ನೋಡಿದ. ಎಳೆ ಹರಿದಿರಲಿಲ್ಲ, ಕಲೆ ಬಿದ್ದಿರಲಿಲ್ಲ. ಸಂಜೆಯ ಹೊತ್ತಿಗೆ ಕೂಡಿಸುವ ಕೆಲಸ ಮುಗಿಯಿತು. ಯಜಮಾನ ಅವಳ ಮುಂದೆ ಎಲೆಯಡಿಕೆಯ ತಟ್ಟೆ ಇಟ್ಟ. ಅವಳು ಅಲ್ಲೇ ಅತ್ತುಬಿಟ್ಟಳು.

ಆಮೇಲೆ ಬೆರಳು ನೋಡಿಕೊಂಡಳು. ಯಾವುದು ವಾಸಿಯಾಗಿದೆ? ಹೆಬ್ಬೆರಳು ನುಣ್ಣಗಿತ್ತು. ತೋರುಬೆರಳೂ ನುಣ್ಣಗಿತ್ತು. ಕಿರುಬೆರಳ ತನಕ ಐದೂ ಒಂದೇ ಸಮ. ಅವಳಿಗೆ ಸಂತೋಷಕ್ಕಿಂತ ಹೆಚ್ಚಾಗಿ ಗಾಬರಿಯಾಯಿತು.

ಸುದ್ದಿ ಬೀದಿಗೆ ಹೋಗುವುದಕ್ಕೆ ಎಷ್ಟು ಹೊತ್ತು ಬೇಕು? ಮುದುಕಿ ಬಂದು ಅವಳ ಹೆಬ್ಬೆರಳು ಹಿಡಿದು, ನೋಡಿದಿರಾ ನನ್ನ ಕೊಬ್ಬರಿ ಎಣ್ಣೆ ಎಂದಳು. ಗಾಣದವನು ತೋರುಬೆರಳು ಹಿಡಿದ. ಹಾಲಿನವಳು, ಪಂಡಿತರು, ಅಂಗಡಿಯವನು ಒಬ್ಬೊಬ್ಬರೂ ತಮ್ಮ ತಮ್ಮ ಬೆರಳು ಹಿಡಿದು ಜಗಳಕ್ಕೆ ನಿಂತರು. ಎಲ್ಲಿದ್ದನೋ ಆ ದಾರಿಹೋಕನೂ ಬಂದು, ಅಂಗೈ ನನ್ನದು ಎಂದ. ಹೆಂಗಸು ಹರಾಜಿಗಿಟ್ಟ ಸಾಮಾನಿನ ಹಾಗೆ ಕೈ ಚಾಚಿ ನಡುವೆ ನಿಂತಿದ್ದಳು. ಅವಳಿಗೂ ಗೊತ್ತಿರಲಿಲ್ಲ. ಒಂದು ಬಟ್ಟಲು ಬಿಟ್ಟರೆ ಎಲ್ಲಿ ಮತ್ತೆ ಒಣಗುತ್ತದೋ ಎಂಬ ಹೆದರಿಕೆಗೆ ಐದನ್ನೂ ಗೂಡಿನಲ್ಲಿ ಹಾಗೇ ಇಟ್ಟುಕೊಂಡಳು.

ಬುದ್ಧಿಯವರು ಇಷ್ಟಕ್ಕೆ ಕತೆ ನಿಲ್ಲಿಸಿದರು.

ದಾಕ್ಷಾಯಣಮ್ಮ ಕಾದಳು. ಕತೆ ಮುಗಿಯಿತೇ? ಮುಗಿದಿದ್ದರೆ ಏನೆಂದು ಮುಗಿಯಿತು? ನಂಬಿಕೆ ಬೇಕು ಎಂದೇ? ಹಾಗಾದರೆ ಮೊದಲ ಸಲ ಆ ಹೆಂಗಸು ನಂಬಿಯೇ ಹಚ್ಚಿದ್ದಳಲ್ಲ. ತಾಳ್ಮೆ ಬೇಕು ಎಂದೇ? ತಾಳಿಕೊಂಡಷ್ಟು ದಿನವೂ ಕೈ ಕೆಡುತ್ತಲೇ ಹೋಯಿತು. ಬರುವಾಗ ಇದ್ದದ್ದು ಒಂದು ಗೊಂದಲ, ಈಗ ಐದು ಬೆರಳಿನಷ್ಟು ಗೊಂದಲ. ಅತ್ತ ಮೇಷ್ಟ್ರ ಮುಖ ಅರಳಿತ್ತು. ಐದು ಬಟ್ಟಲೂ ಒಂದೇ ಫಲ ಕೊಟ್ಟವೆಂದರೆ ಎಲ್ಲ ದಾರಿಗಳೂ ಸೇರುವುದು ಒಂದೇ ಕಡೆ, ಅದೇ ತಾತ್ಪರ್ಯ ಎಂದು ಅವರು ಸುತ್ತಲಿನವರಿಗೆ ವಿವರಿಸಿದರು. ಸುತ್ತಲಿನವರು ತಲೆದೂಗಿದರು. ಬುದ್ಧಿಯವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ದಾಕ್ಷಾಯಣಮ್ಮನಿಗೆ ರೇಗಿತು. ತಾತ್ಪರ್ಯ ಕಟ್ಟಿಕೊಂಡು ಅವಳಿಗೆ ಆಗಬೇಕಾದ್ದೇನು? ಅವಳಿಗೆ ಬೇಕಾದದ್ದು ಹತ್ತಿಯ ಬುಟ್ಟಿ. ಸೀಳಿದ ಬೆರಳುಗಳನ್ನು ಬುದ್ಧಿಯವರ ಮುಂದೆ ಚಾಚಿಯೇ ಬಿಟ್ಟಳು.

"ತಾತ್ಪರ್ಯ ಮೇಷ್ಟ್ರಿಗಿರಲಿ ಬುದ್ಧಿ. ಆ ಐದರಲ್ಲಿ ವಾಸಿ ಮಾಡಿದ್ದು ಯಾವುದು? ಒಂದರ ಹೆಸರು ಹೇಳಿ, ನಾಳೆಯೇ ತಂದುಕೊಳ್ಳುತ್ತೇನೆ."

ಬುದ್ಧಿಯವರು ಆ ಕೈಯಿಂದ ಕಣ್ಣೆತ್ತಿ ಅವಳ ಮುಖ ನೋಡಿದರು.

"ಆ ತಿಂಗಳು ಸೀಗೆಪುಡಿ ಮಾರುವವಳು ಮಗಳ ಬಾಣಂತನಕ್ಕೆ ಹೋಗಿದ್ದಳು, ತಾಯಿ."