ಲಚ್ಚುವಿನ ಢೋಲು

ಬಹಳ ಹಿಂದೆ, ಹುಲಿಗೂ ಮನುಷ್ಯನಿಗೂ ಒಂದೇ ಕಾಲುದಾರಿ ಇದ್ದ ಕಾಲದಲ್ಲಿ, ತೇಗಗೂಡ ಅಂತ ಒಂದು ಗೊಂಡರ ಊರು. ಅಲ್ಲಿ ಲಚ್ಚು ಅಂತ ಒಬ್ಬ ಢೋಲು ಬಾರಿಸುವವನಿದ್ದ. ಅವನು ಢೋಲಿಗೆ ಕೈ ಹಚ್ಚಿದರೆ ಹಾಸಿಗೆ ಹಿಡಿದ ಮುದುಕರೂ ಎದ್ದು ಕುಣಿಯುತ್ತಿದ್ದರಂತೆ, ಎತ್ತುಗಳು ನೊಗ ಕಿತ್ತುಕೊಂಡು ಬರುತ್ತಿದ್ದವಂತೆ. ನಗಬೇಡಿ, ಕೇಳಿದ್ದನ್ನೇ ಹೇಳುತ್ತಿದ್ದೇನೆ.

ಅವನಿಗೆ ಒಬ್ಬನೇ ತಮ್ಮ, ಜಲಪತಿ. ದೀಪಾವಳಿ ಬಂತೆಂದರೆ ಜಲಪತಿ ಗುಸ್ಸಾಡಿ ಆಗುತ್ತಿದ್ದ. ತಲೆಗೆ ನವಿಲುಗರಿಯ ದೊಡ್ಡ ಕಿರೀಟ, ಮುಖಕ್ಕೆ ಸುಳ್ಳು ಗಡ್ಡ, ಮೈತುಂಬ ಬೂದಿ, ಕೈಯಲ್ಲಿ ಕೋಲು. ಆ ಕಿರೀಟ ತಲೆಗೇರಿತೆಂದರೆ ಮನುಷ್ಯ ಹೋದ, ದೇವರು ಬಂದ. ಆಮೇಲೆ ಹೆಸರು ಹಿಡಿದು ಯಾರೂ ಕರೆಯಕೂಡದು. ಹೆತ್ತವಳೂ ಕಾಲಿಗೆ ಬೀಳಬೇಕು. ಢೋಲು ನಿಲ್ಲುವ ತನಕ ಅವನು ಕೂರುವಂತಿಲ್ಲ.

ಆ ಸಲ ಹಬ್ಬದ ಬೆಳಗ್ಗೆ ಜಲಪತಿಯ ಮೈ ಕೆಂಡವಾಗಿತ್ತು. ತಾಯಿ ಸೋಮುಬಾಯಿ ಹಣೆ ಮುಟ್ಟಿ ನೋಡಿ, ಇವತ್ತು ಬೇಡ ಮಗಾ ಅಂದಳಂತೆ. ಅಣ್ಣನಿಗೆ ಹೇಳಬೇಡ ಅಂದವನೇ ಅವನು ಕಿರೀಟ ಹೊತ್ತ. ಪಕ್ಕದ ಊರಿನ ಮೇಳ ಬಂದಿತ್ತು ನೋಡಿ, ಅವರ ಮುಂದೆ ಅಣ್ಣನ ಢೋಲು ಸೋಲಬಾರದು.

ಹೊತ್ತು ನೆತ್ತಿಗೆ ಬರುವಾಗ ಮಗ ಕಾಲು ಎಳೆಯುವುದು ತಾಯಿಗೆ ಕಂಡಿತು. ಹೆಸರು ಗಂಟಲಿಗೆ ಬಂತು. ಕರೆದರೆ ಊರಿಗೆ ಕೇಡು ಅಂತ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಕಾಲು ಸರಿಹೋದವು. ಮೊದಲಿಗಿಂತ ಚೆನ್ನಾಗಿ ಕುಣಿಯತೊಡಗಿದವು. ಸದ್ಯ, ಅಂತ ಅವಳು ಉಸಿರು ಬಿಟ್ಟಳು.

ಹೊತ್ತು ವಾಲಿತು. ಬಂದ ಮೇಳದ ಢೋಲು ಸುಸ್ತಾಗಿ ಸುಮ್ಮನಾಯಿತು. ಜನ ಹೋ ಅಂದಷ್ಟೂ ಲಚ್ಚುವಿನ ಕೈ ಜೋರಾಯಿತು. ಯಾರೋ ಜ್ವರದ ಕೂಸನ್ನು ಎದುರು ಹಿಡಿದರು. ಗುಸ್ಸಾಡಿ ಕೋಲು ಮುಟ್ಟಿಸಿದ, ಕೂಸಿನ ಜ್ವರ ಇಳಿಯಿತಂತೆ.

ಕೊನೆಗೆ, ಗೆದ್ದೆ ಅಂತ ಲಚ್ಚು ಢೋಲು ನಿಲ್ಲಿಸಿದ. ನಿಲ್ಲಿಸಿದ್ದೇ ತಡ, ಗುಸ್ಸಾಡಿ ಬುಡ ಕಡಿದ ಮರದ ಹಾಗೆ ಬಿದ್ದ. ಲಚ್ಚು ನಗುತ್ತಲೇ ಹೋಗಿ ಕಿರೀಟ ತೆಗೆದ, ಗಡ್ಡ ತೆಗೆದ. ಮುಖ ತಣ್ಣಗಿತ್ತು. ದವಡೆ ಬಿಗಿದಿತ್ತು, ಬೆರಳು ಕೋಲಿನ ಮೇಲೆ ಸೆಟೆದಿದ್ದವು. ಈಗ ಹೋದ ಜೀವವಲ್ಲ ಇದು ಅಂತ ಹಿರಿಯರು ಹಿಂದೆ ಸರಿದರು. ಹೊತ್ತು ನೆತ್ತಿಗೆ ಬಂದಾಗಲೇ ಸತ್ತಿದ್ದನಂತೆ. ಆಮೇಲೆ ಕುಣಿದದ್ದು ಹೆಣವಂತೆ, ಕುಣಿಸಿದ್ದು ಅಣ್ಣನ ಢೋಲಂತೆ. ಕೂಸನ್ನು ಮುಟ್ಟಿದ್ದು ಯಾರು ಅಂತ ನನ್ನನ್ನು ಕೇಳಬೇಡಿ. ಅಷ್ಟು ಜನ ಕಾಲಿಗೆ ಬಿದ್ದರಲ್ಲ, ಒಬ್ಬರಾದರೂ ಮುಖ ನೋಡಬಾರದಿತ್ತೇ!

ಲಚ್ಚು ಹುಚ್ಚನಂತೆ ಮತ್ತೆ ಢೋಲಿಗೆ ಕೈ ಹಾಕಿದ. ಸೋಮುಬಾಯಿ ಓಡಿಬಂದು ಅವನ ಕೈ ಹಿಡಿದಳು.

"ಬ್ಯಾಡೋ, ಎದ್ದುಬಿಟ್ಟಾನು," ಅಂದಳಂತೆ.

ಆಮೇಲೆ ಲಚ್ಚು ಢೋಲು ಮುಟ್ಟಲಿಲ್ಲ. ಆದರೆ ಇವತ್ತಿಗೂ ತೇಗಗೂಡದಲ್ಲಿ ಗುಸ್ಸಾಡಿ ಕುಣಿಯುವಾಗ ಢೋಲು ನಡುವೆ ಥಟ್ಟನೆ ನಿಲ್ಲುತ್ತದೆ. ಹೊಸಬರು ಮುಖ ಮುಖ ನೋಡಿಕೊಳ್ಳುತ್ತಾರೆ. ಗುಂಪಿನಿಂದ ಕುಣಿಯುವವನ ತಾಯಿ ಎದ್ದು ನಿಂತು, ದೇವರನ್ನು ಹೆಸರು ಹಿಡಿದು ಕರೆಯುತ್ತಾಳೆ. ಅವನು ಗಡ್ಡ ಸರಿಸಿ ಮುಖ ತೋರಿಸಬೇಕು.

"ಇದ್ದೀನವ್ವಾ," ಅನ್ನಬೇಕು. ಅಂದಮೇಲೆಯೇ ಢೋಲು.