ಮಿಂಚವ್ವ ಎರಡೆರಡು ಸಲ ಮಿಂಚುವುದೇಕೆ?

ಲೋಕಕ್ಕೆ ಇನ್ನೂ ಹಸಿ ಮಣ್ಣಿನ ವಾಸನೆ ಇದ್ದ ಕಾಲ. ಆಗ ಮಿಂಚವ್ವ ಒಂದೇ ಒಂದು ಸಲ ಮಿಂಚುತ್ತಿದ್ದಳು. ಫಳ್! ಅಷ್ಟೇ, ಮಾಯ. ಒಂದು ಕಡೆ ನಿಂತು ನಾಲ್ಕು ಮಾತಾಡಿ ಅವಳಿಗೆ ಗೊತ್ತೇ ಇರಲಿಲ್ಲ.

ಅವಳ ಮಕ್ಕಳೇ ರೇಡಿಯೋ ಅಲೆಗಳು. ಅವರು ನಮ್ಮ ಕಣ್ಣಿಗೆ ಕಾಣರು. ಅವರ ದನಿ ಹೆತ್ತವ್ವನಿಗೆ ಮಾತ್ರ ಕೇಳುತ್ತಿತ್ತು. ಎಲ್ಲರಿಗಿಂತ ಚುರುಕಿನವಳು ಸಣ್ಣ ದನಿಯ ಕೀಚಿ. ಎಲ್ಲರಿಗಿಂತ ನಿಧಾನದವನು ದಪ್ಪ ದನಿಯ ಗುಂಯ್ಯಣ್ಣ. ನಡುವೆ ಇನ್ನೂ ಒಂದು ಹಿಂಡು.

ಒಂದು ಮಧ್ಯಾಹ್ನ ಮಕ್ಕಳು ಹಟ ಹಿಡಿದರು. "ಅವ್ವಾ, ಭೂಮಜ್ಜಿ ಬಡಗಣದಿಂದ ತೆಂಕಣಕ್ಕೆ, ಆಕಾಶದ ಆಚೆಯಿಂದ ಹಾಯಿಸಿ, ಬಟ್ಟೆ ಹಗ್ಗದ ಹಾಗೆ ಹಗ್ಗ ಕಟ್ಟಿದಾಳಂತೆ. ಅದರ ಮೇಲೆ ಜಾರಿ ಆಡ್ತೀವಿ!"

ಮಿಂಚವ್ವನಿಗೆ ಎಂದಿನ ಅವಸರ. ಫಳ್! "ಹೋಗಿ!" ಅಂದಳು, ಮಾಯವಾದಳು.

ಕೂಸೇ, ನೀನು ಶಾಲೆಗೆ ಹೊರಡುವಾಗ ಬರೀ "ಹೋಗ್ತೀನಿ" ಅಂದರೆ ಈ ಅಜ್ಜಿ ಬಾಗಿಲಲ್ಲೇ ತಡೆದು "ಹೋಗಿ ಬರ್ತೀನಿ ಅನ್ನು" ಎನ್ನುವುದಿಲ್ಲವೇ? ಪಾಪ, ಮಿಂಚವ್ವನಿಗೆ ಅಷ್ಟು ಹೇಳಲು ಪುರಸೊತ್ತಾಗಲಿಲ್ಲ.

ಮಕ್ಕಳೋ ಹೇಳಿದ ಮಾತು ಕೇಳುವವರು. ಹೋಗಿ ಅಂದಳು, ಹೋದರು. ಬನ್ನಿ ಅನ್ನಲಿಲ್ಲ, ಬರಲಿಲ್ಲ.

ಮರುದಿನ ಮಿಂಚವ್ವ ಬಂದು ನೋಡಿದರೆ ಮೋಡದ ಮನೆ ಖಾಲಿ.

"ಗಾಳಿಯಣ್ಣಾ, ನನ್ನ ಮಕ್ಕಳನ್ನ ಕಂಡ್ಯಾ?"

"ಹಗ್ಗ ಇರೋ ಅಷ್ಟು ಮೇಲಕ್ಕೆ ನಾನು ಹೋಗಲ್ಲ ತಾಯಿ. ಅಲ್ಲಿ ನನಗೇ ಉಸಿರು ಕಟ್ಟುತ್ತೆ. ಸೂರ್ಯಪ್ಪನ ಬಿಸಿ ಮಂಜು ಬಿಟ್ಟರೆ ಅಲ್ಲಿ ಏನೂ ಇಲ್ಲ."

ಅವಳು ಭೂಮಜ್ಜಿಯ ಹತ್ತಿರ ಓಡಿದಳು. ಅಜ್ಜಿ ಹಗ್ಗ ಮುಟ್ಟಿ ನೋಡಿದಳು. "ತೆಂಕಣದ ತುದಿಯಲ್ಲಿ ಕೂತಿದಾವೆ ಕಣೇ. ಕಳಿಸುವಾಗ ಏನಂದೆ?"

"ಹೋಗಿ ಅಂದೆ."

"ಬರೀ ಹೋಗಿ ಅಂದ್ಯಾ? ನಿನ್ನ ಅವಸರಕ್ಕಿಷ್ಟು ಬೆಂಕಿ ಹಾಕ! ಕರೀ ಮೊದಲು!"

ಮಿಂಚವ್ವ ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಳು. ನಿನ್ನೆ ಮಿಂಚಿದ ಜಾಗಕ್ಕೇ ಬಂದು ಮತ್ತೊಮ್ಮೆ ಮಿಂಚಿದಳು. "ಬನ್ನೀ!"

ಹಗ್ಗ ಜುಮ್ಮೆಂದಿತು. ಬಿಸಿ ಮಂಜನ್ನು ಸೀಳಿಕೊಂಡು ಮೊದಲು ಬಂದವಳು ಕೀಚಿ. ಕ್ವೀ! ಅವಳ ಹಿಂದೆ ಅವಳಿಗಿಂತ ದಪ್ಪ ದನಿಯವರು, ಅವರ ಹಿಂದೆ ಇನ್ನೂ ದಪ್ಪ ದನಿಯವರು. ಕ್ವೀ... ಯೂ... ಊ... ಮೇಲಿನಿಂದ ಕೆಳಕ್ಕೆ ಇಳಿಯುವ ಸಿಳ್ಳೆಯ ಹಾಗೆ ಒಬ್ಬೊಬ್ಬರೇ ಬಂದರು. ಆಮೇಲೆ ಸದ್ದಿಲ್ಲ.

"ಗುಂಯ್ಯಣ್ಣ ಎಲ್ಲಿ?" ಮಿಂಚವ್ವ ಕೇಳಿದಳು.

"ಮಂಜಲ್ಲಿ ಹಿಂದೆ ಬಿದ್ದ ಅವ್ವಾ," ಅಂದಳು ಕೀಚಿ.

ಎಲ್ಲರೂ ಕಾದರು. ಕಾದರು, ಕಾದರು. ಕೊನೆಗೆ ಬಲು ದೂರದಿಂದ ಕೇಳಿಸಿತು: ಗುಂಯ್ಯ್...

"ಬಂದೆ ಅವ್ವಾ. ನೀನು ಯಾವಾಗ ಕರೀತೀಯೋ ಅಂತ ನಿನ್ನೆಯಿಂದ ಕಾಯ್ತಾ ಇದ್ದೆ," ಅಂದ ಗುಂಯ್ಯಣ್ಣ.

ಮಿಂಚವ್ವನಿಗೆ ಹೋದ ಜೀವ ಬಂದಂತಾಯಿತು. ಅವನನ್ನು ಅಪ್ಪಿಕೊಂಡು ನಕ್ಕಳು, ಅತ್ತಳು. ಕೆಳಗೆ ದಪ್ಪ ದಪ್ಪ ಹನಿ ಬಿದ್ದವು. ಎಲ್ಲ ಮುಗಿದ ಮೇಲೆ ಅಪ್ಪ ಗುಡುಗಪ್ಪ ಉರುಳುರುಳಿ ಬಂದು "ಏನೇ, ಏನಾಯ್ತೇ?" ಅಂದ. ಅವನು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದ್ದಾನೆ ಹೇಳು!

ಅದಕ್ಕೇ ಕೂಸೇ, ಇವತ್ತಿಗೂ ಮಳೆಯ ದಿನ ರೇಡಿಯೋ ಹಾಕಿದರೆ ಗುಡುಗಿಗೂ ಮುಂಚೆ ಹಾಡಿನ ನಡುವೆ ಕರ್ರ್ ಅನ್ನುತ್ತದೆ. ಅದು ಮಕ್ಕಳೆಲ್ಲ ಒಟ್ಟಿಗೆ "ಹೋಗಿ ಬರ್ತೀವಿ ಅವ್ವಾ" ಅನ್ನುವ ಗದ್ದಲ. ಆಗ ಕಿಟಕಿಯಾಚೆ ನೋಡು, ಮಿಂಚು ಫಳ್ ಅಂದು ಅಲ್ಲೇ ಮತ್ತೆ ಫಳ್ ಅನ್ನುತ್ತದೆ: ಮೊದಲನೆಯದು "ಹೋಗಿ", ಎರಡನೆಯದು "ಬನ್ನಿ".